ಬೀಗದ ಕಾವಲು

ಸರ್ಕಾರಿ ಶಾಲೆಯ ಪುಟ್ಟ ಮಕ್ಕಳು ಆಡುತ್ತ ಕಲಿಯಲೆಂದು ಬಂದ ಮರದ ಕುದುರೆಯನ್ನು ಗಾಜಿನ ಬಾಗಿಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಬೀಗಣ್ಣ," ಎಂದಿತು ಕುದುರೆ, "ಐದು ವರ್ಷದ ಹುಲಿಗೆಮ್ಮ ದಿನವೂ ಗಾಜಿಗೆ ಮೂಗೊತ್ತಿ ನಿಲ್ಲುತ್ತಾಳೆ. ನಾನು ಬಂದದ್ದು ಅವಳಿಗಾಗಿ. ಒಮ್ಮೆ ಬಿಡು."

"ನಿನ್ನ ಕಾಲು ಮುರಿದರೆ ಸಾಹೇಬರು ಕೇಳುತ್ತಾರೆ. ಅವಳು ಕಲಿಯದಿದ್ದರೆ ಯಾರೂ ಕೇಳುವುದಿಲ್ಲ."

ತಪಾಸಣೆಯ ದಿನ ಕುದುರೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಮಕ್ಕಳನ್ನು ಗದರಿಸಿ ಕೈಕಟ್ಟಿಸಿ ಕೂರಿಸಿದರು. ಫೋಟೊ ಆದ ಮೇಲೆ ಮತ್ತೆ ಬೀಗ ಬಿತ್ತು.

ಬೇಸಿಗೆ ರಜೆಯಲ್ಲಿ ಬೀರುವಿನ ಹಿಂಬದಿಯಿಂದ ಗೆದ್ದಲು ನುಗ್ಗಿ ಕುದುರೆಯ ಕಾಲು ತಿನ್ನತೊಡಗಿತು.

"ಇದನ್ನೇಕೆ ತಡೆಯಲಿಲ್ಲ?"

"ನನ್ನನ್ನು ಹಾಕಿದ್ದು ಮಕ್ಕಳನ್ನು ತಡೆಯಲು," ಎಂದಿತು ಬೀಗ.

ಜೂನ್‌ನಲ್ಲಿ ಹುಲಿಗೆಮ್ಮ ಒಂದನೇ ತರಗತಿಗೆ ಹೋದಳು. ಯಾರೂ ಹೇಳದೆಯೇ ಕೈಕಟ್ಟಿ ಕುಳಿತಳು.