ದೇಸಾಯರಿಗೆ ಏಳದ ಬಾಳವ್ವ

ಭಾಳ ಹಿಂದಕ, ನಮ್ಮವ್ವನ ಅವ್ವಗ ಹಲ್ಲ ಮೂಡೂದಕ್ಕೂ ಮೊದಲ, ಕರಿಕಣವಿ ಅಂತ ಒಂದೂರಿತ್ತಂತ. ಎಲ್ಲಿತ್ತು ಅಂತ ಕೇಳಬ್ಯಾಡ್ರಿ, ನೀವು ಈಗ ಕುಂತಿರೂದು ಅದ ಊರಾಗ. ಎರಡು ಗುಡ್ಡ, ನಡುವ ಒಂದ ಹಾದಿ, ಹಾದಿ ಬಾಯಾಗ ಊರು. ಸಂಸ್ಥಾನದ ಟಪ್ಪಾಲು, ಅಂದ್ರ ಅಂಚಿ ಚೀಲ, ಆ ಕಡೆ ಮುಟ್ಟಬೇಕಂದ್ರ ಈ ಕಣವಿ ದಾಟೇ ಹೋಗಬೇಕು. ಕಣವ್ಯಾಗ ಕಳ್ಳರು. ಈಗಿನಂಗ ಕಿಸೆ ಕತ್ತರಿಸೂ ಕಳ್ಳರಲ್ಲ, ಮನಷ್ಯಾನ್ನ ಕಡದು ಚೀಲ ಒಯ್ಯೂ ಕಳ್ಳರು. ಏ ತಂಗಿ, ಆ ಫೋನು ಕೆಳಗಿಡು, ಕೇಳೂದಾದ್ರ ನೆಟ್ಟಗ ಕೇಳು.

ಟಪ್ಪಾಲು ಹೊತ್ತು ಓಡವರಿಗೆ ಊರ ದೇಸಾಯರು ಒಬ್ಬೊಬ್ಬರಿಗೆ ಒಂದೊಂದು ಪಿಸ್ತೂಲು ಕೊಟ್ಟಿದ್ರಂತ. ರಿವಾಲ್ವರ್ ಅಂತೀರಲ್ಲ, ಹೊಟ್ಟಿ ತಿರಗಿದಂಗ ಗುಂಡು ಮುಂದ ಬರೂದು, ಅದ. ಪಿಸ್ತೂಲೇನೋ ಕೊಟ್ರು. ಅದರ ಹೊಟ್ಟಿ ಒಮ್ಮಿ ತುಂಬೂವಷ್ಟ ತೋಟಾ, ಅಂದ್ರ ಮದ್ದು ಗುಂಡು ತುಂಬಿದ ಹಿತ್ತಾಳಿ ಕೊಳವಿ, ಕೊಟ್ಟು, ಕಳ್ಳ ಬಂದಾಗ ಹೊಡೀರಿ, ಸುಮ್ಮಸುಮ್ಮನ ಹೊಡದು ಹಾಳ ಮಾಡಬ್ಯಾಡ್ರಿ ಅಂತ ತಾಕೀತು ಮಾಡಿದ್ರು. ಒಮ್ಮಿನೂ ಹೊಡೀದ ಕೈ ಹೊಡಿಯೂದರ ಹೆಂಗ? ಕಳ್ಳರು ಎದುರ ನಿಂತಾಗ ಗುಂಡು ಗಿಡಕ್ಕ ಹೋಗತಿತ್ತು, ಟಪ್ಪಾಲಿನವನ ಹೆಣ ಊರಿಗೆ ಬರತಿತ್ತು. ಹಂಗ ಎಷ್ಟೋ ಮನಿ ಹಾಳಾದುವಂತ.

ಅದ ಊರಾಗ ಕಂಚಗಾರ ಕಾಳಿಂಗಪ್ಪ ಮತ್ತ ಅವನ ಹೇಣ್ತಿ ಬಾಳವ್ವ ಇದ್ರಂತ. ಎತ್ತಿನ ಕೊಳ್ಳಿನ ಗಂಟಿ ಎರಕ ಹೊಯ್ಯೂದು ಅವರ ಕಸಬು. ಹೆಣ ನೋಡಿ ನೋಡಿ ಗಂಡ ಹೇಣ್ತಿಗೆ ಸಾಕಾತಂತ. ಹೊಡದು ಬಿಟ್ಟ ಖಾಲಿ ತೋಟಾ ಆರಿಸಿ ತಂದ್ರು. ಸೀಸ ಕರಗಿಸಿ ಅಚ್ಚಿನ್ಯಾಗ ಹೊಯ್ದು ಗುಂಡು ಮಾಡಿದ್ರು. ತೋಟಾದ ಬುಡಕ್ಕ ಕಿಡಿ ಹಚ್ಚೂ ಹೊಸಾ ಕೇಪು ಕೂಡಿಸಿ, ಒಳಗ ಮದ್ದು ಮಾತ್ರ ಭಾಳ ಕಡಿಮಿ ಹಾಕಿದ್ರು. ಈ ಗುಂಡು ಕಳ್ಳಗ ಹೊಡಿಯಾಕಲ್ಲ, ಕೈ ಕಲಿಯಾಕ. ಒದಿಯೂದಿಲ್ಲ, ಗುಡುಗೂದಿಲ್ಲ, ಪಟ್ ಅಂದು ಹೋಗಿ ಮಣ್ಣಿನ ಗ್ವಾಡ್ಯಾಗ ಕೂಡತೈತಿ. ಆ ಗ್ವಾಡಿ ಕೆದರಿ ಅದ ಸೀಸ ತಂದು ಮತ್ತ ಕರಗಿಸೂದು, ಮತ್ತ ಹೊಯ್ಯೂದು.

ಟಪ್ಪಾಲಿನವರ ಕೈ ಎಷ್ಟು ಕುದುರಿತಂದ್ರ, ಬೆಲ್ಲದ ಮ್ಯಾಲೆ ಕುಂತ ನೊಣ ಹೊಡದ್ರ ಬೆಲ್ಲಕ್ಕ ಗೀರು ಬೀಳತಿರಲಿಲ್ಲಂತ. ಇದು ಸುಳ್ಳು. ಸುಳ್ಳಂತ ನಂಗೂ ಗೊತ್ತೈತಿ. ಆದ್ರ ನಮ್ಮೂರಾಗ ಇದನ್ನ ಸುಳ್ಳಂದವರಿಗೆ ಚಾ ಸಿಗೂದಿಲ್ಲ. ಖರೇ ಏನಂದ್ರ, ಹೆಣ ಬರೂದು ನಿಂತಿತ್ತು.

ಆದ್ರ ಈ ಕೆಲಸದಾಗ ಒಂದು ಗಂಡಾಂತರ ಐತಿ, ಅದನ್ನ ಸರಿಯಾಗಿ ತಿಳಕೋರಿ. ಮದ್ದು ಕಡಿಮಿ ಹಾಕಿದಾಗ ತೋಟಾದಾಗ ಜಾಗಾ ಭಾಳ ಉಳೀತೈತಿ. ಹಾಕಿದ್ದು ಮರತು ಇನ್ನೊಮ್ಮಿ ಹಾಕಿದ್ರೂ ಹಿಡೀತೈತಿ, ಉಕ್ಕಿ ಹೊರಗ ಬರೂದಿಲ್ಲ. ಆ ಮದ್ದು ಭಾಳ ಖಡಕ್, ಒಂದಕ್ಕೆರಡಾದ್ರ ಪಿಸ್ತೂಲ ತಡಕೊಳ್ಳೂದಿಲ್ಲ. ಮ್ಯಾಲೆ ಗುಂಡು ಕೂಡಿಸಿಬಿಟ್ರ ಮುಗೀತು, ಒಳಗೆಷ್ಟೈತಿ ಅನ್ನೂದು ಹಾಕಿದವನಿಗೂ ತಿಳಿಯೂದಿಲ್ಲ.

ಒಂದಿನ ಕಾಳಿಂಗಪ್ಪ ಮನಿ ಮುಂದಿನ ಕಟ್ಟಿ ಮ್ಯಾಲೆ ಕುಂತು ಮದ್ದು ತುಂಬತಿದ್ದನಂತ. ದೇಸಾಯರು ಅದ ಹಾದೀಲೆ ಬಂದ್ರು. ದೇಸಾಯರು ಕಂಡ್ರ ಎದ್ದು ನಿಂತು ಕೈ ಮುಗೀಬೇಕು, ಅದು ಆಗಿನ ರಿವಾಜು. ಇವ ಎದ್ದ, ಕೈ ಮುಗಿದ. ಅವರು ಆರಾಮಿದ್ದಿಯೇನೋ ಅಂತ ಕೇಳಿದ್ರು, ನಿಮ್ಮ ದಯಾರೀ ಅಂದ. ಅವರು ಹೋದ್ರು, ಇವ ಕುಂತ. ಏಳೂದಕ್ಕ ಮೊದಲ ತುಂಬಿದ್ದ ತೋಟಾಕ್ಕ ಮತ್ತೊಮ್ಮಿ ಮದ್ದು ಹಾಕಿದ. ಮರುದಿನ ಟಪ್ಪಾಲು ಹೊರತಿದ್ದ ತಳವಾರ ದುರಗಪ್ಪ ಆ ಗುಂಡು ಹೊಡಿಯಾಕ ಹೋದ್ರ ಪಿಸ್ತೂಲ ಕೈಯಾಗ ಸಿಡೀತು. ಬಲಗೈ ಹೆಬ್ಬಟ್ಟು ಹೋತು, ಒಂದು ಕಣ್ಣು ಹೋತು.

ದುರಗಪ್ಪ ಒಂದು ಮಾತೂ ಬೈಲಿಲ್ಲಂತ. ಆದ್ರ ಕಾಳಿಂಗಪ್ಪಗ ಅನ್ನ ಇಳೀಲಿಲ್ಲ. ನಾ ಯಾಕ ಎದ್ದೆ, ಬಾಳಿ, ನಾ ಯಾಕ ಎದ್ದೆ ಅಂತ ಹೇಣ್ತಿ ಮುಂದ ಅದನ್ನ ಅಂತಿದ್ದನಂತ. ಹಂಗ ಅಂತ ಅಂತನ ಒಣಗಿ, ಮಳಿಗಾಲಕ್ಕ ಮೊದಲ ತೀರಿಕೊಂಡ.

ಬಾಳವ್ವ ಅತ್ಳು. ಎದಿ ಬಡಕೊಂಡು ಅತ್ಳು. ಆಮ್ಯಾಲ ಅಕಿಗೆ ಸಿಟ್ಟು ಬಂತು. ಗಂಡನ ಮ್ಯಾಲಲ್ಲ, ಆ ಏಳೂದರ ಮ್ಯಾಲೆ. ಇನ್ನ ಈ ಕೆಲಸ ಮುಗೀತು ಅಂತ ಊರವರು ತಿಳಕೊಂಡಿದ್ರು. ಸತ್ತವನ ದಿನಕರ್ಮ ಮುಗಿಸಿ ಬಾಳವ್ವ ಸೀದಾ ಕಟ್ಟಿ ಮ್ಯಾಲೆ ಬಂದು ಕುಂತ್ಳಂತ, ಗಂಡನ ಅಳತಿ ಕೈಯಾಗ ಹಿಡಕೊಂಡು. ತೋಟಾ ಕೊಯ್ದು ಅದಕ್ಕ ತಂತಿ ಹಿಡಿಕಿ ಬೆಸದ, ಮದ್ದು ಅಳಿಯೂ ಸಣ್ಣ ಅಳತಿ ಅದು. ಇದು ನನ್ನ ಕೈಯಾಗ ಇರೂತನಕ ನಾ ಯಾರಿಗೂ ಏಳೂದಿಲ್ಲ, ಯಾರಿಗೂ ಮಾತು ಕೊಡೂದಿಲ್ಲ ಅಂತ ಎಲ್ಲಾರಿಗೂ ಕೇಳೂಹಂಗ ಹೇಳಿದ್ಳಂತ.

ಗೌಡ ಬಂದ, ಏಳಲಿಲ್ಲ. ಮಠದ ಅಯ್ಯನವರು ಬಂದ್ರು, ಏಳಲಿಲ್ಲ. ತವರಿಂದ ಅಣ್ಣ ಬಂದ, ಅವನೂ ಬಿಸಲಾಗ ನಿಂತ. ಮೊದಮೊದಲ ಊರವರು ಮಾರಿ ಸಿಂಡರಿಸಿದ್ರು, ಆಮ್ಯಾಲ ರೂಢಿ ಆತು. ಆದ್ರ ಇಂಥಾ ಸುದ್ದಿ ದೇಸಾಯರ ವಾಡೇಕ ಮುಟ್ಟಾಕ ಎಷ್ಟೊತ್ತು ಬೇಕು?

ದೇಸಾಯರು ಬೇಕಂತನ ಬಂದ್ರಂತ. ಕುದರಿ ಮ್ಯಾಲಿಂದ ಇಳದು ಕಟ್ಟಿ ಮುಂದ ನಿಂತ್ರು. ಓಣಿಗೆ ಓಣಿನ ಎದ್ದು ನಿಂತಿತು. ಬಾಳವ್ವ ತಲಿ ಎತ್ತಲಿಲ್ಲ. ಆಳುಗಳು ಗದರಿದ್ರು, ಕಿವುಡಿ ಏನ ನೀ ಅಂದ್ರು. ಅಕಿ ತನ್ನ ಪಾಡಿಗೆ ಮದ್ದು ಹಾಕತಿದ್ಳು. ದೇಸಾಯರು ಕೈಯಾಗಿನ ಬೆತ್ತದಿಂದ ಅಕಿ ಮುಂದಿನ ಕಟಗಿ ಮಣಿ ದಬ್ಬಿದ್ರಂತ. ಸಾಲಾಗಿ ನಿಂತಿದ್ದ ತೋಟಾ ಎಲ್ಲಾ ಉರುಳಿದುವು, ಮದ್ದು ಚೆಲ್ಲಿತು.

ಬಾಳವ್ವ ಒಂದೊಂದ ತೋಟಾ ಆರಿಸಿದ್ಳು. ಒಳಗ ಉಳದದ್ದನ್ನ ಪೂರಾ ಸುರುವಿ, ಒರಸಿ, ಮತ್ತ ಸಾಲಾಗಿ ಹಚ್ಚಿದ್ಳು. ಮತ್ತ ಮೊದಲನೇದರಿಂದ ಸುರು ಮಾಡಿದ್ಳು. ದೇಸಾಯರು ಹೋಗೂಹಂಗಿಲ್ಲ, ಹೋದ್ರ ಸೋತಂಗ. ಅಂಗಾರಂಥಾ ಬಿಸಲಾಗ ನಿಂತ್ರು. ಕಡೀ ತೋಟಾಕ್ಕ ಗುಂಡು ಕೂಡಿಸಿ, ಅಳತಿ ಕೆಳಗಿಟ್ಟು, ಬಾಳವ್ವ ಎದ್ಳು. ಸೆರಗು ತಲಿ ಮ್ಯಾಲೆ ಹೊತ್ತು, ಬಗ್ಗಿ, ಮರ್ಯಾದಿಯಿಂದನ ಕೈ ಮುಗಿದ್ಳಂತ.

“ಈಗ ಎದ್ದೀನ್ರೀ, ಧಣಿ. ನನ್ನ ಗಂಡ ನಿಮಗ ಎದ್ದಾಗ ದುರಗಪ್ಪನ ಕಣ್ಣು ಹೋತು. ನಾ ಎದ್ದು ಇನ್ನ ಯಾರ ಕಣ್ಣು ಕಳೀಲಿ?”

ದೇಸಾಯರ ಮಾರಿ ಕೆಂಪಾತು. ಹೊತ್ತು ಮುಳುಗೂದರಾಗ ಇಕಿ ಊರು ಬಿಡಬೇಕು ಅಂತ ಹೇಳಿ ಹೊಂಟ್ರು. ಆಳುಗಳು ಅಚ್ಚು ಕಿತ್ತುಕೊಂಡು ಬಾವ್ಯಾಗ ಒಗದ್ರು, ಮನೀಗೆ ಕೀಲಿ ಜಡದ್ರು. ಬಾಳವ್ವ ಗಂಟು ಹೊತ್ತು, ಊರ ಸೀಮಿ ದಾಟಿ, ಕಣವಿ ಬಾಯಾಗಿನ ಬನ್ನಿ ಗಿಡದ ಕೆಳಗ ಹೋಗಿ ಕುಂತ್ಳು. ತಪ್ಪಾತು ಅಂದಿದ್ರ ಮನಿ ಉಳೀತಿತ್ತು. ಅನ್ನಲಿಲ್ಲ.

ಮುಂಜಾನೆ ಟಪ್ಪಾಲು ಹೊಂಡೂ ಹೊತ್ತು. ಮೊದಲ ಬಂದವ ದುರಗಪ್ಪ. ಕಣ್ಣು ಹೋದ ಮ್ಯಾಲೆ ಎಡಗೈಲೆ ಹೊಡಿಯೂದು ಬಾಳವ್ವನ ಗುಂಡಿನಿಂದನ ಕಲತು, ಮತ್ತ ಚೀಲ ಹೊರತಿದ್ದ. ವಾಡೇದ ಬಾಗಲ ಮುಂದ ಚೀಲ ಇಟ್ಟ, ಚೀಲದ ಮ್ಯಾಲೆ ಪಿಸ್ತೂಲು ಇಟ್ಟ, ನೆಲಕ್ಕ ಕುಂತ. ಉಳದ ಟಪ್ಪಾಲಿನವರು ಬಂದು ಹಂಗ ಮಾಡಿದ್ರು. ಆಮ್ಯಾಲ ಊರಾಗಿನ ಹೆಣ್ಮಕ್ಕಳು ಬಂದ್ರು, ಕಣವ್ಯಾಗ ಗಂಡಂದಿರನ್ನ ಕಳಕೊಂಡವರು. ಅವರೂ ಕುಂತ್ರು. ದೇಸಾಯರು ಬಾಗಲ ತಗದು ಹೊರಗ ಬಂದ್ರು. ಒಬ್ಬರೂ ಏಳಲಿಲ್ಲ.

“ಬಾಳವ್ವ ತನ್ನ ಕಟ್ಟಿಗೆ ಬರೂತನಕ ನಾವೂ ಕುಂತಿರತೀವ್ರಿ,” ಅಂದನಂತ ದುರಗಪ್ಪ, ಕುಂತಲ್ಲೇ.

ಚೀಲ ಇಟ್ಟಲ್ಲೇ ಉಳೀತು. ಟಪ್ಪಾಲು ಯಾಕ ಬರಲಿಲ್ಲ ಅಂತ ಸಂಸ್ಥಾನದಿಂದ ಕುದರಿ ಸವಾರ ಬಂದ. ಇನ್ನ ಮುಂದಿನದನ್ನ ಎರಡು ನಮೂನಿ ಹೇಳತಾರ. ದೇಸಾಯರು ಗೌಡನ್ನ ಕಳಿಸಿ ಬಾಳವ್ವನ್ನ ಕರಸಿದ್ರು ಅಂತಾರ ಕೆಲವರು. ಅಲ್ಲ, ತಾವ ಬನ್ನಿ ಗಿಡದತನಕ ನಡಕೊಂಡು ಹೋದ್ರು ಅಂತಾರ ಉಳದವರು. ಹೋದಾಗ ಅಕಿ ಗಂಟಿನ್ಯಾಗಿದ್ದ ತೋಟಾಕ್ಕ ಮದ್ದು ತುಂಬತಿದ್ಳಂತ. ದೇಸಾಯರಿಗೆ ಕೆಮ್ಮಿನ ಬ್ಯಾನಿ. ಅಕಿ ಅಳತಿ ಕೆಳಗಿಡೂತನಕ ಆ ಕೆಮ್ಮು ಹಿಡದು, ಕಣ್ಣಾಗ ನೀರು ತಂದುಕೊಂಡು ನಿಂತಿದ್ರಂತ. ಆಮ್ಯಾಲ ಕೀಲಿ ಅಕಿ ಕೈಯಾಗ ಕೊಟ್ರಂತ. ನಾ ಇದನ್ನ ನಂಬತೀನಿ. ನಂಗ ಇದ ಬೇಕು.

ಈಗ ಆ ಪಿಸ್ತೂಲಿಲ್ಲ, ವಾಡೇ ಬಿದ್ದು ಹೋಗೈತಿ. ಬಾಳವ್ವಗ ನಾವು ಗುಡಿ ಕಟ್ಟಿಲ್ಲ, ಕಲ್ಲು ನೆಟ್ಟಿಲ್ಲ. ಆದ್ರ ಹಾಲಿನ ಡೇರಿಯೊಳಗ ಅಳಿಯೂಕಿ, ರೇಶನ್ ಅಂಗಡ್ಯಾಗ ತೂಗಾಂವ, ಔಷಧ ಹಾಕೂ ನರ್ಸಮ್ಮ, ಯಾರ ಬರಲಿ, ಏಳೂದಿಲ್ಲ. ಹೋದ ಸಲ ಓಟು ಕೇಳಾಕ ಒಬ್ಬ ದೊಡ್ಡ ಸಾಹೇಬ ಬಂದಿದ್ದ, ಕೊಳ್ಳಾಗ ಹಾರ ಹಾಕ್ಕೊಂಡು. ಡೇರಿ ಮುಂದ ನಿಂತು ನಮಸ್ಕಾರ ಅಂದ. ಕ್ಯಾನು ತುಂಬೂತನಕ ನಿಂತ.

ಈ ಊರಿಗೆ ಹೊಸಾ ಸೊಸಿ ಬಂದ್ರ ಅತ್ತಿ ಮೊದಲ ಅಡಗಿ ಮನೀಗೆ ಕರಕೊಂಡು ಹೋಗತಾಳ. ಮಾವಗ ಏಳು, ಭಾವಗ ಏಳು, ಹಿರೇರಿಗೆಲ್ಲಾ ಏಳು ಅಂತ ಹೇಳತಾಳ. ಹೇಳಿ, ಅಳಿಯೂ ಸೇರು ಸೊಸಿ ಕೈಯಾಗ ಕೊಟ್ಟು, ಇದು ನಿನ್ನ ಕೈಯಾಗಿದ್ದಾಗ ನಾ ಬಂದ್ರೂ ಏಳಬ್ಯಾಡ ಅಂತಾಳ.