ಸುಣ್ಣದ ಗುಂಡಿಯಲ್ಲಿ ಸಿಕ್ಕ ಹಲ್ಲು

"ಗುರುಗಳೇ, ನಾಳೆ ನನ್ನ ತಂದೆಯ ತಿಥಿ. ಹೋಗಿ ಎಡೆ ಇಡಲು ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?" ಎಂದು ರಂಗಧಾಮ ಕೇಳಿದ. ಅವನನ್ನು ಹೆತ್ತ ಕೂಡಲೇ ತಾಯಿ ತೀರಿಕೊಂಡಿದ್ದಳು, ಸಾಕಿದವನು ತಂದೆಯೊಬ್ಬನೇ. ಆದರೆ ಎಷ್ಟು ನೆನೆದರೂ ಅವನಿಗೆ ಕೇಳಿಸುತ್ತಿದ್ದುದು ತಂದೆಯ ಬೈಗುಳ ಮಾತ್ರ.

ಗುರುಗಳು ನಕ್ಕರು. "ಮನಸ್ಸಿಲ್ಲದಿದ್ದರೆ ಇಲ್ಲೇ ಬಿದ್ದಿರು ಮಾರಾಯ, ಯಾರು ಬೇಡ ಅಂದರು? ಈ ಕತೆಯೊಂದು ಕೇಳಿಬಿಡು" ಎಂದು ಹೇಳತೊಡಗಿದರು.

ಒಬ್ಬ ಸುಣ್ಣಗಾರ. ಕಡಲಿನಿಂದ ಬಹು ದೂರದ ಬಯಲಲ್ಲಿ ಅವನ ಸುಣ್ಣದ ಗೂಡು. ಅಲ್ಲಿ ನೆಲ ಅಗೆದರೆ ಹಳೆಯ ಕಪ್ಪೆಚಿಪ್ಪು ಸಿಗುತ್ತಿತ್ತು. ಅದನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದ. ಯಾವ ಕಾಲದಲ್ಲೋ ಅಲ್ಲಿ ಕಡಲಿತ್ತಂತೆ, ಕಂಡವರು ಯಾರು! ಅವನ ಕುಲದಲ್ಲಿ ಒಂದು ಕಟ್ಟಳೆ. ಅಗೆಯುವಾಗ ಯಾವ ಪ್ರಾಣಿಯ ಅವಶೇಷ ಸಿಕ್ಕರೂ, ಉಳಿದ ಮೈಯನ್ನು ಹುಡುಕಿ ಒಟ್ಟಿಗೆ ಮಣ್ಣು ಮಾಡಬೇಕು. ಆಮೇಲೆಯೇ ಗೂಡಿಗೆ ಬೆಂಕಿ.

ಒಂದು ದಿನ ಅಂಗೈಯಗಲದ ಹಲ್ಲೊಂದು ಸಿಕ್ಕಿತು. ಅಂಚು ಗರಗಸದ ಹಾಗಿತ್ತು. ಅಗೆದ, ಇನ್ನೊಂದು ಹಲ್ಲು. ಮತ್ತೂ ಅಗೆದ, ಮತ್ತೆ ಹಲ್ಲೇ. ತಲೆಯಿಲ್ಲ, ಬೆನ್ನಿಲ್ಲ. ಬರೀ ಕಚ್ಚುವುದಕ್ಕೇ ಹುಟ್ಟಿದ ಭೂತವಿದು ಎಂದು ಹೆದರಿದ. ಗೂಡು ತಣ್ಣಗಾಯಿತು, ಮನೆಯ ಒಲೆಯೂ ತಣ್ಣಗಾಯಿತು. ಹಸಿದು ಗುಂಡಿಯಲ್ಲೇ ಒರಗಿದರೆ ಕಣ್ಣ ಮುಂದೆ ಬಯಲೆಲ್ಲ ನೀರಾಗುತ್ತಿತ್ತು. ತಲೆಯ ಮೇಲೆ ದೊಡ್ಡ ನೆರಳೊಂದು ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಈಜಿಹೋಗುತ್ತಿತ್ತು. ಅದು ಅವನನ್ನು ಕಚ್ಚುತ್ತಿರಲಿಲ್ಲ.

ಒಣಮೀನು ಮಾರುವ ಮುದುಕಿಯೊಬ್ಬಳು ಆ ದಾರಿಯಲ್ಲಿ ಬಂದಳು, ಕಡಲ ತೀರದವಳು. ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಶಾರ್ಕ್ ಮೀನಿನದು, ಆದರೆ ಇಷ್ಟು ದೊಡ್ಡದನ್ನು ತಾನೂ ಕಂಡಿಲ್ಲ ಎಂದಳು. ಆ ಮೀನಿಗೆ ಗಟ್ಟಿ ಎಲುಬೇ ಇರುವುದಿಲ್ಲವಂತೆ. ಹಲ್ಲೊಂದೇ ಗಟ್ಟಿ, ಉಳಿದ ಮೈಯೆಲ್ಲ ಮೆದು, ಕರಗಿಹೋಗುತ್ತದೆ.

"ಹಾಗಾದರೆ ಆ ಮೈಯನ್ನು ಎಲ್ಲಿ ಹುಡುಕಲಿ, ಅಮ್ಮ?" ಎಂದು ಸುಣ್ಣಗಾರ ಕೇಳಿದ.

"ಅದರ ಮೇಲೇ ನಿಂತಿದ್ದೀಯಲ್ಲ, ಮಗಾ."

ಸುಣ್ಣಗಾರ ಕಾಲಡಿಯ ಮಣ್ಣನ್ನು ಬೊಗಸೆಯಲ್ಲಿ ತೆಗೆದು, ಹಲ್ಲುಗಳ ಜೊತೆ ಹೂತು, ಕೈಮುಗಿದ. ಅಂದು ಸಂಜೆ ಗೂಡಿಗೆ ಬೆಂಕಿ ಬಿತ್ತು.

ಕತೆ ಮುಗಿಯಿತು. ರಂಗಧಾಮನಿಗೆ ಸಮಾಧಾನವಾಗಲಿಲ್ಲ. ತಂದೆ ತನ್ನನ್ನು ಮುದ್ದು ಮಾಡಿದ್ದು ಒಂದಾದರೂ ನೆನಪಿಗೆ ಬರಬೇಡವೇ ಎಂದು ಗೊಣಗಿದ.

ಗುರುಗಳು ಅವನ ಪಾದಗಳನ್ನೇ ನೋಡುತ್ತಾ ಕೇಳಿದರು: "ನಿನಗೆ ನಡೆಯಲು ಕಲಿಸಿದ್ದು ಯಾರು, ನೆನಪಿದೆಯೇ?"

ರಂಗಧಾಮ ತನ್ನ ಪಾದಗಳನ್ನೊಮ್ಮೆ ನೋಡಿಕೊಂಡು, ಎಡೆ ಇಡಲು ಹೊರಟ.