ದೋಣಿ ಹಲಗೆಯ ಮೂತಿ

ಕಡಲ ದಂಡೆಯ ಊರಲ್ಲಿ ಮೀನೂಟದ ಅಂಗಡಿ ಇಟ್ಟಿದ್ದ ಜಲಜಕ್ಕ ಹಳೇ ದೋಣಿಯ ಹಲಗೆಯೊಂದರ ತುದಿ ಚೂಪು ಮಾಡಿಸಿ, "ಮೀನೂಟ, ಚಿಪ್ಪಿನ ಅಂಗಡಿ, ಲೈಟ್‌ಹೌಸ್" ಎಂದು ಬರೆಸಿ, ಹೆದ್ದಾರಿಯ ತಿರುವಿನಲ್ಲಿ ಒಂದೇ ಮೊಳೆಗೆ ತೂಗುಹಾಕಿದಳು. ವಾರವಾದರೂ ಒಬ್ಬ ಪ್ರವಾಸಿಯೂ ಊರಿಗಿಳಿಯಲಿಲ್ಲ.

"ಇವತ್ತೂ ಯಾರೂ ಬರದಿದ್ದರೆ ನಾಳೆ ನಿನ್ನನ್ನು ಒಲೆಗಿಡ್ತೇನೆ," ಎಂದು ಹಲಗೆಗೆ ಹೇಳಿ ಹೋದಳು.

ಹಲಗೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾರು ಬಂದಾಗೆಲ್ಲ ಗರಕ್ಕನೆ ಅದರತ್ತ ಮೂತಿ ತಿರುಗಿಸಿ "ಬನ್ನಿ, ಬನ್ನಿ" ಅನ್ನುತ್ತಿತ್ತು. ಕಾರಿನವರು ಆ ಚೂಪು ತುದಿ ನೋಡಿ, ಊರನ್ನು ದಾಟಿ ಬಂದೆವೇನೋ ಎಂದು ಬಂದ ದಾರಿಗೇ ತಿರುಗುತ್ತಿದ್ದರು.

ಪಕ್ಕದ ಮೈಲಿಗಲ್ಲು ಕೇಳಿತು: "ಅಲ್ಲ ಮಾರಾಯ್ತಿ, ಊರು ಆಚೆ ಇದೆ. ನೀನು ಕಾರಿಗೆ ಮೂತಿ ಕೊಡುವುದೇಕೆ?"

"ಬರುವ ಅಲೆಗೆ ಮೂತಿ ಕೊಡದ ದೋಣಿ ಮಗುಚ್ತದೆ ಅಣ್ಣ. ನಾನು ಕಲಿತದ್ದೇ ಅದು."

"ಇವರು ಅಲೆಯಲ್ಲ, ಹಸಿದವರು. ಇವರಿಗೆ ನಿನ್ನ ಮುಖ ಬೇಡ, ಜಲಜಕ್ಕನ ಬಾಗಿಲು ಬೇಕು."

ಸಂಜೆಗೆ ಕೆಂಪು ಕಾರೊಂದು ಬಂತು. ಹಲಗೆ ಊರಿನತ್ತ ಮೂತಿ ಮಾಡಿ, ಅಲುಗದೆ ಹಿಡಿದುಕೊಂಡಿತು. ಕಾರು ನಿಧಾನವಾಗಿ ಊರಿನ ದಾರಿಗೆ ಇಳಿಯಿತು.

"ಕಾರಿನವರು ನನಗೊಂದು ಮಾತೂ ಹೇಳಲಿಲ್ಲ ನೋಡು," ಅಂದಿತು ಹಲಗೆ. "ಅಯ್ಯೋ, ಇನ್ನೊಂದು ಬರ್ತಾ ಇದೆ, ಮೈಯೆಲ್ಲ ಆ ಕಡೆಗೇ ಎಳೀತದೆ. ಅಣ್ಣ, ಅದು ಊರಿಗಿಳಿಯುವವರೆಗೆ ನನ್ನ ಹತ್ತಿರ ಏನಾದರೂ ಮಾತಾಡ್ತಾ ಇರು."